ಬತ್ತಳಿಕೆಯಲ್ಲೇ ಉಳಿಸಿಕೊಂಡ ಬಾಣ

(ಬಾನುಲಿ ಭಾಷಣ)

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ, ಅಮೆರಿಕದಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಮೊಮ್ಮಗನ ಪಕ್ಕ ಕುಳಿತು ಟೆಲಿವಿಷನ್ನಿನಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನು ನೋಡುತ್ತಿದ್ದೆ. ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಕಾಲ್ಚೆಂಡಾಟವಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯ ಮೈಮೇಲೆ ಬಿದ್ದು ತಡೆಯುವ, ಆ ದೇಶದವರೇ ರೂಪಿಸಿಕೊಂಡ ಆಟ. ಮೊಮ್ಮಗನ ಮೆಚ್ಚಿನ ತಂಡದಲ್ಲಿ ಎಡಬದಿಯನ್ನು ಕಾಯುತ್ತಿದ್ದ ಒಬ್ಬ ಎಳೆಯ ಆಟಗಾರನನ್ನು ಎದುರಾಳಿಯೊಬ್ಬ ಒಂದೇ ಬಗೆಯಲ್ಲಿ ಮೂರು ಸಲ ದಾಟಿ ಬಂದ. ಮೂರು ಸಲವೂ ಚೆಂಡನ್ನು ಎಸೆಯಬೇಕಾಗಿದ್ದವನು ನೆಲಕ್ಕುರುಳಿದ. ಆ ಹುಡುಗನ ನೆರವಿಗೆ ಇನ್ನೊಬ್ಬನನ್ನು ನಿಲ್ಲಿಸಬೇಕೆಂಬುದು ಆಟದ ಗಂಧವಿಲ್ಲದ ನನಗೂ ಹೊಳೆಯಿತು. ಆದರೆ ಮೈದಾನದ ಅಂಚಿನಲ್ಲಿದ್ದ ಕೋಚ್ ಕೈಕಟ್ಟಿಕೊಂಡು ಸುಮ್ಮನೆ ನಿಂತಿದ್ದ.

“ಇವನಿಗೆ ಕಣ್ಣು ಕಾಣುವುದಿಲ್ಲವೇನೋ?” ಎಂದೆ.

“ಕಾಣತ್ತೆ ತಾತ. ಇದು ಲೆಕ್ಕಕ್ಕಿಲ್ಲದ ಮ್ಯಾಚು. ಬೇಕೂಂತಲೇ ಸುಮ್ಮನಿದ್ದಾನೆ” ಎಂದ ಹುಡುಗ.

ಬಲ್ಲವನು ಬೇಕೆಂದೇ ಸುಮ್ಮನಿರುವುದು! ನಲವತ್ತು ವರ್ಷಗಳ ಕಾಲ ಪಾಠ ಹೇಳಿದ ನನಗೆ ಆ ಮಾತು ಸುಲಭವಾಗಿ ಗಂಟಲಿನಿಂದ ಇಳಿಯಲಿಲ್ಲ. ಗೆಲ್ಲುವುದಕ್ಕೆಂದೇ ಸಂಬಳ ಪಡೆಯುವವನು, ಗೆಲ್ಲುವ ಉಪಾಯ ಕೈಯಲ್ಲಿದ್ದೂ, ಅದನ್ನೇಕೆ ಹೊರತೆಗೆಯುವುದಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದುಬಂದ ಸಂಗತಿಗಳನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಆಟದ ಸ್ವರೂಪವನ್ನು ಸ್ಥೂಲವಾಗಿ ತಿಳಿಯೋಣ. ಪ್ರತಿ ಪಕ್ಷದಲ್ಲಿ 11 ಜನ. ಅಡ್ಡಗೆರೆಗಳನ್ನೆಳೆದ 100 ಗಜದ ಮೈದಾನ. ಚೆಂಡು ಕೈಯಲ್ಲಿರುವ ಪಕ್ಷಕ್ಕೆ ನಾಲ್ಕು ಅವಕಾಶಗಳಿವೆ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ನಮ್ಮ ಕಾಲ್ಚೆಂಡಾಟ ಹೊಳೆಯಂತೆ ಹರಿದರೆ ಇದು ಚದುರಂಗದಂತೆ ನಿಂತು ನಿಂತು ನಡೆಯುತ್ತದೆ. ಪ್ರತಿಯೊಂದು ಅವಕಾಶದ ಬಳಿಕ ಆಟ ನಿಲ್ಲುತ್ತದೆ. ಮುಂದಿನ ನಡೆ ಯಾವುದೆಂದು ಗೊತ್ತುಮಾಡಿಕೊಂಡು ಮತ್ತೆ ಹೊರಡಬೇಕು. ಆ ನಡೆಯನ್ನು ಅವರು ‘ಪ್ಲೇ’ ಎನ್ನುತ್ತಾರೆ. ನಾವು ‘ಹೂಟ’ ಎನ್ನೋಣ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಡೆಯಬೇಕು, ಯಾರು ಓಡಿದಂತೆ ನಟಿಸಬೇಕು, ಚೆಂಡು ನಿಜವಾಗಿ ಯಾರ ಕೈ ಸೇರಬೇಕು ಎಂಬುದೆಲ್ಲ ಆ ಹೂಟದಲ್ಲಿ ಅಡಕವಾಗಿರುತ್ತದೆ. ಇಂಥ ನೂರಾರು ಹೂಟಗಳ ಪುಸ್ತಕವೇ ಪ್ರತಿ ತಂಡದ ಬಳಿ ಇರುತ್ತದೆ.

ಹೂಟವನ್ನು ಆರಿಸುವವನು ಸಾಮಾನ್ಯವಾಗಿ ಕೋಚ್. ಎದುರಾಳಿ ಹೇಗೆ ನಿಂತಿದ್ದಾನೆ, ಯಾವ ಕಡೆ ದುರ್ಬಲನಾಗಿದ್ದಾನೆ, ನಮ್ಮಲ್ಲಿ ಯಾರು ಸೋಲುತ್ತಿದ್ದಾರೆ ಎಂಬುದನ್ನು ನೋಡಿ ನೋಡಿ ಹೂಟವನ್ನು ತಿದ್ದುವುದರಲ್ಲಿಯೇ ಅವನ ಜಾಣ್ಮೆಯಿದೆ. ಈ ಸೂಚನೆಗಳನ್ನು ಮೈದಾನದೊಳಗೆ ಮುಟ್ಟಿಸುವ ಬಗೆಗೂ ಒಂದು ಇತಿಹಾಸವಿದೆ. ಕ್ಲೀವ್‌ಲೆಂಡ್ ಬ್ರೌನ್ಸ್ ತಂಡದ ಪಾಲ್ ಬ್ರೌನ್ ಅವರು ಆಟಗಾರರನ್ನೇ ದೂತರನ್ನಾಗಿ ಮಾಡಿ ಒಳಗೆ ಕಳಿಸುತ್ತಿದ್ದರು. 1956ರಲ್ಲಿ ಅವರು ತಮ್ಮ ಕ್ವಾರ್ಟರ್‌ಬ್ಯಾಕ್‌ನ, ಎಂದರೆ ಚೆಂಡು ಹಂಚುವ ನಾಯಕನ, ಶಿರಸ್ತ್ರಾಣದೊಳಗೆ ಪುಟ್ಟ ರೇಡಿಯೋ ಒಂದನ್ನು ಅಳವಡಿಸಿ ನೋಡಿದರು. ಅಂದಿನ ಲೀಗಿನ ಮುಖ್ಯಸ್ಥರು ಅದನ್ನು ನಿಷೇಧಿಸಿಬಿಟ್ಟರು. 1994ರಲ್ಲಿ ಅದೇ ಉಪಾಯಕ್ಕೆ ಅಧಿಕೃತ ಒಪ್ಪಿಗೆ ದೊರೆಯಿತು. 2008ರಿಂದ ರಕ್ಷಣಾಪಕ್ಷದ ಒಬ್ಬನಿಗೂ ಅಂಥ ಸೌಲಭ್ಯವುಂಟು. ಅಂತೂ ಕೋಚ್ ಬಯಸಿದರೆ ಪ್ರತಿ ನಡೆಗೂ ಕಿವಿಯಲ್ಲಿ ಉಪದೇಶ ಮಾಡಬಲ್ಲ. ಹಾಗಿದ್ದೂ ಆಗಸ್ಟ್ ತಿಂಗಳಲ್ಲಿ ಅವನು ಆ ಶಕ್ತಿಯನ್ನು ತಾನಾಗಿಯೇ ಕಟ್ಟಿಹಾಕಿಕೊಳ್ಳುತ್ತಾನೆ.

ಆಗಸ್ಟ್ ತಿಂಗಳಲ್ಲೇ ಏಕೆ? ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆ ಹುಟ್ಟಿದ್ದು 1920ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ; ಈಗಿನ ಹೆಸರು ಬಂದದ್ದು 1922ರಲ್ಲಿ. ಇಂದು ಅದರಲ್ಲಿ 32 ತಂಡಗಳಿವೆ. ನಿಜವಾದ ಋತು ಸೆಪ್ಟೆಂಬರಿನಲ್ಲಿ ಮೊದಲಾಗುತ್ತದೆ. ಅದಕ್ಕೆ ಮುನ್ನ ನಡೆಯುವವು ಋತುಪೂರ್ವ ಪಂದ್ಯಗಳು. 1978ರಲ್ಲಿ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿ, ಋತುಪೂರ್ವ ಪಂದ್ಯಗಳು ಆರರಿಂದ ನಾಲ್ಕಕ್ಕೆ ಇಳಿದವು. 2021ರಲ್ಲಿ ಅವು ಕ್ರಮವಾಗಿ 17 ಮತ್ತು ಮೂರು ಆದವು. ಈ ಮೂರರಲ್ಲಿ ಗೆದ್ದರೂ ಸೋತರೂ ಪಟ್ಟಿಯಲ್ಲಿ ಅದರ ಗುರುತು ಉಳಿಯುವುದಿಲ್ಲ.

ಹಾಗಾದರೆ ಯಾವುದರ ಗುರುತು ಉಳಿಯುತ್ತದೆ? ಇಲ್ಲಿದೆ ವಿಷಯದ ತಿರುಳು. ಬೇಸಗೆಯ ಶಿಬಿರಕ್ಕೆ ಪ್ರತಿ ತಂಡ 90 ಆಟಗಾರರನ್ನು ಕರೆದೊಯ್ಯಬಹುದು. ಋತು ತೊಡಗುವ ಹೊತ್ತಿಗೆ 53 ಜನ ಮಾತ್ರ ಉಳಿಯಬೇಕು. ಉಳಿದ 37 ಜನರನ್ನು ಬೀಳ್ಕೊಡಬೇಕು. 32 ತಂಡಗಳಿಗೆ ಲೆಕ್ಕ ಹಾಕಿದರೆ ಸಾವಿರದ ನೂರಕ್ಕೂ ಮಿಕ್ಕಿ ತರುಣರು! ಅವರಲ್ಲಿ ಒಂದು ಪಾಲು ಅಭ್ಯಾಸದ ಮೀಸಲು ತಂಡಗಳಿಗೆ ಕಡಿಮೆ ಸಂಬಳಕ್ಕೆ ಮರಳುವುದುಂಟು. ಮಿಕ್ಕವರು ಮನೆಯ ದಾರಿ ಹಿಡಿಯುತ್ತಾರೆ. ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬ ತೀರ್ಪಿಗೆ ಆ ಮೂರು ಪಂದ್ಯಗಳೇ ಮುಖ್ಯವಾದ ಸಾಕ್ಷ್ಯ.

ಈಗ ಕೈಕಟ್ಟಿ ನಿಂತ ಕೋಚನ ಬಳಿಗೆ ಹಿಂದಿರುಗೋಣ. ಎಡಬದಿಯ ಹುಡುಗ ಸೋಲುತ್ತಿದ್ದಾನೆ. ಋತುವಿನ ಪಂದ್ಯವಾಗಿದ್ದರೆ ಕೋಚ್ ಕೂಡಲೇ ಅವನ ಪಕ್ಕಕ್ಕೆ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದ. ಇಲ್ಲವೇ ಚೆಂಡನ್ನು ಬೇಗನೆ ಎಸೆದುಬಿಡುವ ಹೂಟವನ್ನು ಕರೆಯುತ್ತಿದ್ದ. ಇಲ್ಲವೇ ನುಗ್ಗಿ ಬರುವವನನ್ನು ಬೇಕೆಂದೇ ಒಳಬಿಟ್ಟು ಅವನ ಬೆನ್ನ ಹಿಂದಿನ ಬಯಲಿಗೆ ಚೆಂಡು ರವಾನಿಸುತ್ತಿದ್ದ. ಇವೆಲ್ಲ ಒಳ್ಳೆಯ ಮದ್ದುಗಳೇ. ಆದರೆ ಮದ್ದು ಕೊಟ್ಟೊಡನೆ ರೋಗದ ಲಕ್ಷಣ ಮುಚ್ಚಿಹೋಗುತ್ತದೆ. ಆ ಹುಡುಗ ಒಬ್ಬನೇ ನಿಂತು ತಡೆಯಬಲ್ಲನೇ ಎಂಬುದೇ ಪ್ರಶ್ನೆಯಾಗಿರುವಾಗ, ನೆರವು ನೀಡುವುದೆಂದರೆ ಪ್ರಶ್ನೆಯನ್ನೇ ಅಳಿಸಿಹಾಕಿದಂತೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕನಾಗಿ ಓಡಾಡುವಾಗ, ಅಚ್ಚುಮೆಚ್ಚಿನ ಶಿಷ್ಯನೊಬ್ಬ ಕಣ್ಣೆದುರೇ ತಪ್ಪು ಬರೆಯುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಿಂದಿನ ದಿನ ತರಗತಿಯಲ್ಲಾಗಿದ್ದರೆ ಬೆರಳಿಟ್ಟು ತೋರಿಸುತ್ತಿದ್ದೆ. ಅಂದು ಮಾತ್ರ ಮುಖ ತಿರುಗಿಸಿಕೊಂಡು ಮುಂದೆ ನಡೆಯಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಸ್ಥಾನಕ್ಕೆ ನಾಲ್ವರು ಸ್ಪರ್ಧಿಗಳಿದ್ದಾರೆ ಎನ್ನಿ. ನಾಲ್ವರನ್ನೂ ತೂಗಬೇಕಾದರೆ ತಕ್ಕಡಿ ಒಂದೇ ಆಗಿರಬೇಕು. ಆದ್ದರಿಂದಲೇ ಋತುಪೂರ್ವ ಪಂದ್ಯಗಳಲ್ಲಿ ಕೆಲವೇ ಮೂಲ ಹೂಟಗಳನ್ನು ಹಿಡಿದು, ಅಂಕ ಏನೇ ಆಗಿರಲಿ, ಮತ್ತೆ ಮತ್ತೆ ಆಡಿಸುತ್ತಾರೆ. ಮುಂಚಿತವಾಗಿ ಪಟ್ಟಿ ಬರೆದುಕೊಂಡು ಆಡಿಸುವ ಪದ್ಧತಿಯೇನೂ ಆ ಆಟಕ್ಕೆ ಹೊಸದಲ್ಲ. 1979ರಿಂದ 1988ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ನಡೆಸಿ ಮೂರು ಸಲ ಪರಮಪ್ರಶಸ್ತಿಯನ್ನು ಗೆದ್ದುಕೊಟ್ಟ ಬಿಲ್ ವಾಲ್ಷ್ ಅವರು, ಋತುವಿನ ಪಂದ್ಯಗಳಲ್ಲಿಯೇ ಮೊದಲ ಇಪ್ಪತ್ತೈದರಷ್ಟು ಹೂಟಗಳನ್ನು ಹಿಂದಿನ ದಿನವೇ ಬರೆದಿಡುತ್ತಿದ್ದರು. ಕದನದ ಕೋಲಾಹಲದಲ್ಲಿ ಬುದ್ಧಿ ಕಲಕುವ ಮುನ್ನವೇ ತಿಳಿಯಾದ ಮನಸ್ಸಿನಿಂದ ಯೋಚಿಸಿಡುವುದು ಮೇಲೆಂಬುದು ಅವರ ನಂಬಿಕೆ. ಋತುಪೂರ್ವ ಪಂದ್ಯದಲ್ಲಿ ಆ ಪಟ್ಟಿಯ ಉದ್ದೇಶ ಬೇರೆ: ಅದು ಪ್ರಶ್ನಪತ್ರಿಕೆ.

ಎರಡನೆಯ ಕಾರಣ ಗೋಪ್ಯತೆ. ಈ ಆಟದಲ್ಲಿ ಗುಟ್ಟಿಗಿರುವ ಬೆಲೆಯನ್ನು ಒಂದು ಹಳೆಯ ಪ್ರಸಂಗ ತಿಳಿಸುತ್ತದೆ. ವಾಷಿಂಗ್‌ಟನ್ನಿನಲ್ಲಿ ಕಿವುಡರಿಗಾಗಿ ಇರುವ ಗ್ಯಾಲಡೆಟ್ ವಿದ್ಯಾಲಯದ ತಂಡ 1890ರ ದಶಕದಲ್ಲಿ ಇನ್ನೊಂದು ಕಿವುಡರ ತಂಡದೊಡನೆ ಆಡಬೇಕಾಗಿ ಬಂದಾಗ, ನಾಯಕ ಪಾಲ್ ಹಬಾರ್ಡ್ ಕೈಸನ್ನೆಯಲ್ಲಿ ಹೂಟವನ್ನು ತಿಳಿಸಿದರೆ ಎದುರಾಳಿಗಳಿಗೂ ಅದು ಅರ್ಥವಾಗಿಬಿಡುತ್ತಿತ್ತು. ಆಗ ಅವನು ತನ್ನವರನ್ನೆಲ್ಲ ವರ್ತುಲವಾಗಿ ನಿಲ್ಲಿಸಿಕೊಂಡು, ಬೆನ್ನುಗಳ ಮರೆಯಲ್ಲಿ ಸನ್ನೆ ಮಾಡಿದನಂತೆ. ಇಂದು ಪ್ರತಿ ಪಂದ್ಯದಲ್ಲಿಯೂ ಕಾಣುವ ‘ಹಡಲ್’ ಎಂಬ ಗುಂಪುಗೂಡುವಿಕೆ ಹೀಗೆ ಹುಟ್ಟಿತೆಂದು ಹೇಳುವುದುಂಟು. ಅದೇ ಗುಟ್ಟಿನ ಇನ್ನೊಂದು ಮುಖವನ್ನು 2007ರಲ್ಲಿ ಕಂಡೆವು. ನ್ಯೂ ಇಂಗ್ಲೆಂಡ್ ತಂಡದವರು ಎದುರಾಳಿ ಕೋಚುಗಳ ಕೈಸನ್ನೆಗಳನ್ನು ನಿಯಮ ಮೀರಿ ಚಿತ್ರೀಕರಿಸಿದರೆಂದು, ಅವರ ಮುಖ್ಯ ಕೋಚ್ ಬಿಲ್ ಬೆಲಿಚಿಕ್ ಅವರಿಗೆ 5 ಲಕ್ಷ ಡಾಲರ್, ತಂಡಕ್ಕೆ 2.5 ಲಕ್ಷ ಡಾಲರ್ ದಂಡ ಬಿತ್ತು. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಒಂದು ಅಮೂಲ್ಯ ಹಕ್ಕೂ ಕೈತಪ್ಪಿತು.

ಕಳ್ಳಗಣ್ಣಿನ ಮಾತು ಹಾಗಿರಲಿ. ನ್ಯಾಯವಾಗಿಯೇ ದೊರೆಯುವ ಚಿತ್ರಗಳು ಬೇಕಾದಷ್ಟಿವೆ. ಪ್ರತಿ ಪಂದ್ಯದ, ಇಪ್ಪತ್ತೆರಡು ಆಟಗಾರರೂ ಕಾಣುವಂಥ, ಚಿತ್ರಗಳನ್ನು ಎಲ್ಲ ತಂಡಗಳೂ ಪಡೆದು ಅಭ್ಯಾಸ ಮಾಡುತ್ತವೆ. ಆಗಸ್ಟಿನಲ್ಲಿ ತೋರಿದ ಹೊಸ ಹೂಟಕ್ಕೆ ಸೆಪ್ಟೆಂಬರಿನ ಎದುರಾಳಿ ಮದ್ದು ಅರೆದಿಟ್ಟುಕೊಂಡಿರುತ್ತಾನೆ. ಎದುರಾಳಿಗೆ ತಕ್ಕಂತೆ ಹೂಟವನ್ನು ಬದಲಿಸುವ ಬಗೆಯಂತೂ ಇನ್ನೂ ಹೆಚ್ಚಿನ ಗುಟ್ಟು. ‘ಇವನನ್ನು ಹೀಗೆ ಒತ್ತಿದರೆ ಇವನು ಹಾಗೆ ತಿರುಗುತ್ತಾನೆ’ ಎಂದು ತಿಳಿದರೆ ಕೋಚನ ಮನಸ್ಸನ್ನೇ ಓದಿದಂತಾಯಿತು.

ಮಹಾಭಾರತವನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ದ್ರೋಣರು ಶಿಷ್ಯರ ವಿದ್ಯೆಯನ್ನು ಮೆರೆಯಲೆಂದು ರಂಗಸ್ಥಳವನ್ನು ಕಟ್ಟಿಸಿದಾಗ ಅರ್ಜುನ ತಾನು ಕಲಿತದ್ದನ್ನೆಲ್ಲ ಸಭೆಯ ಮುಂದೆ ಸುರಿದ. ಆಮೇಲೆ ಬಂದ ಕರ್ಣ ಏನು ಮಾಡಿದ? ಅರ್ಜುನ ತೋರಿದ್ದನ್ನೆಲ್ಲ ತಾನೂ ಮಾಡಿ ತೋರಿಸಿದ. ಪ್ರದರ್ಶನದಲ್ಲಿ ಬಿಚ್ಚಿಟ್ಟ ವಿದ್ಯೆ ಅಂದಿಗೇ ಇಬ್ಬರ ಸೊತ್ತಾಯಿತು. ಮುಂದೆ ಅದೇ ಕರ್ಣನ ಕೈಗೆ, ಒಂದೇ ಸಲ ಎಸೆಯಬಹುದಾದ ಶಕ್ತ್ಯಾಯುಧ ಬಂತು. ಅರ್ಜುನನಿಗೆಂದು ಅದನ್ನು ಜೋಪಾನವಾಗಿ ಕಾದಿಟ್ಟ. ರಾತ್ರಿಯ ಯುದ್ಧದಲ್ಲಿ ಘಟೋತ್ಕಚನ ಹಾವಳಿ ತಾಳಲಾರದೆ, ತನ್ನವರ ಕೂಗಿಗೆ ಮಣಿದು ಅದನ್ನು ಎಸೆದುಬಿಟ್ಟ. ಆ ಇರುಳು ಕೌರವರು ಬದುಕಿಕೊಂಡರು. ಆದರೆ ಬತ್ತಳಿಕೆ ಬರಿದಾಯಿತು. ಋತುಪೂರ್ವ ಪಂದ್ಯಗಳನ್ನು ಹಿಂದೆ ‘ಎಕ್ಸಿಬಿಷನ್’, ಎಂದರೆ ಪ್ರದರ್ಶನ ಪಂದ್ಯ ಎಂದೇ ಕರೆಯುತ್ತಿದ್ದರೆಂಬುದನ್ನು ನೆನೆದರೆ ಈ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ.

ಕಾಣದ ಹೂಟದ ಬೆಲೆ ಎಷ್ಟೆಂಬುದಕ್ಕೆ 2008ರ ಸೆಪ್ಟೆಂಬರ್ 21ರ ಪಂದ್ಯ ನಿದರ್ಶನ. ಋತುವಿನ ಪಂದ್ಯಗಳಲ್ಲಿ ಸತತವಾಗಿ 21 ಸಲ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ತಂಡವನ್ನು, ಮೊದಲೆರಡು ಪಂದ್ಯಗಳಲ್ಲಿ ಸೋತಿದ್ದ ಮಯಾಮಿ ತಂಡ ಎದುರಿಸಿತು. ಕ್ವಾರ್ಟರ್‌ಬ್ಯಾಕ್‌ನನ್ನು ಬದಿಗೆ ಸರಿಸಿ, ಓಟಗಾರ ರಾನಿ ಬ್ರೌನ್‌ನ ಕೈಗೆ ನೇರವಾಗಿ ಚೆಂಡು ಬರುವಂಥ ‘ವೈಲ್ಡ್‌ಕ್ಯಾಟ್’ ಎಂಬ ವಿನ್ಯಾಸವನ್ನು ಅಂದು ಆರೇ ಆರು ಸಲ ಬಳಸಿದರು; ನಾಲ್ಕು ಸಲ ಚೆಂಡು ಗುರಿಗೆರೆ ದಾಟಿತು. ಮಯಾಮಿ 38–13ರಿಂದ ಗೆದ್ದಿತು. ಆ ವಿನ್ಯಾಸವೇನೂ ಆಗಸ್ಟಿನಿಂದ ಬಚ್ಚಿಟ್ಟದ್ದಲ್ಲ. ಸೋಲಿನ ಕಹಿಯಲ್ಲಿ ಕೆಲವೇ ದಿನಗಳ ಹಿಂದೆ ಸಿದ್ಧಪಡಿಸಿದ್ದು. ಆದರೆ ಅದರ ಬಲವೆಲ್ಲ ಎದುರಾಳಿ ಅದನ್ನು ಕಂಡಿರಲಿಲ್ಲವೆಂಬುದರಲ್ಲಿಯೇ ಇತ್ತು. ಉಳಿದ ತಂಡಗಳು ಚಿತ್ರ ನೋಡಿ ಮದ್ದು ಕಂಡುಕೊಂಡ ಮೇಲೆ ಅದೇ ವಿನ್ಯಾಸ ದಿನೇ ದಿನೇ ಮೊಂಡಾಯಿತು.

ಮೂರನೆಯ ಕಾರಣ ಬಹು ಸರಳವಾದದ್ದು. ಹೂಟವನ್ನು ಬದಲಿಸಬೇಕಾದರೆ ಹನ್ನೊಂದು ಜನರಿಗೂ ಆ ಬದಲಾವಣೆ ಕರತಲಾಮಲಕವಾಗಿರಬೇಕು. ಶಿಬಿರದಲ್ಲಿ ಹೂಟದ ಪುಸ್ತಕವನ್ನು ಪಾಠ ಪಾಠವಾಗಿ ಕಲಿಸುತ್ತಿರುತ್ತಾರೆ. ಆಗಸ್ಟಿನಲ್ಲಿ ಅದು ಮುಗಿದಿರುವುದಿಲ್ಲ. ಪಂದ್ಯದ ಉತ್ತರಾರ್ಧದಲ್ಲಿ ಕಣಕ್ಕಿಳಿಯುವವರಲ್ಲಿ ಹಲವರು ಕೆಲವು ವಾರಗಳ ಹಿಂದೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸರಳೆ ಜಂಟಿವರಸೆ ಹದಕ್ಕೆ ಬಾರದ ಮಕ್ಕಳ ಕೈಲಿ ಪಲ್ಲವಿ ಹಾಡಿಸಿದರೆ ಏನಾದೀತು? ಒಬ್ಬ ತಪ್ಪಿದರೂ ಹೂಟ ಮುರಿಯುತ್ತದೆ. ತಪ್ಪು ಹೂಟದ್ದೋ ಹುಡುಗನದ್ದೋ ಎಂಬುದೂ ತಿಳಿಯದಂತಾಗುತ್ತದೆ.

ನಾಲ್ಕನೆಯದು ಪೆಟ್ಟಿನ ಭಯ. 2003ರ ಆಗಸ್ಟಿನಲ್ಲಿ ಅಟ್ಲಾಂಟ ತಂಡದ ಮೈಕೇಲ್ ವಿಕ್ ಋತುಪೂರ್ವ ಪಂದ್ಯವೊಂದರಲ್ಲಿ ಕಾಲು ಮುರಿದುಕೊಂಡ. ಆ ವರ್ಷ ತಂಡ 16ರಲ್ಲಿ ಗೆದ್ದದ್ದು ಐದೇ ಪಂದ್ಯ. ಈ ಭಯದಿಂದಲೇ ಹಿರಿಯ ಆಟಗಾರರನ್ನು ಅಲ್ಪಕಾಲ ಆಡಿಸಿ ಹೊರಗೆ ಕರೆಯುತ್ತಾರೆ. ಕೆಲವರು ಆಡಿಸುವುದೇ ಇಲ್ಲ. ಲಾಸ್ ಏಂಜಲೀಸ್ ತಂಡದ ಶಾನ್ ಮೆಕ್‌ವೇ 2018ರ ಋತುಪೂರ್ವ ಪಂದ್ಯಗಳಲ್ಲಿ ತಮ್ಮ ಮುಖ್ಯ ಆಟಗಾರರನ್ನು ಹೊರಗಿರಿಸಿದರು. ಆ ಋತುವಿನ ಕೊನೆಗೆ ತಂಡ ಅಂತಿಮ ಪಂದ್ಯವನ್ನೇ ಮುಟ್ಟಿತು. ಎರಡು ತಂಡಗಳು ಒಂದೆಡೆ ಸೇರಿ ನಡೆಸುವ ಜಂಟಿ ಅಭ್ಯಾಸಗಳಲ್ಲಿ, ಸಾವಿರಾರು ಕಣ್ಣುಗಳಿಂದ ದೂರವಾಗಿ, ಹಿರಿಯರ ಪರೀಕ್ಷೆ ನಡೆಯುತ್ತದೆ. ಮುಖ್ಯ ಆಟಗಾರರೇ ಕಣದಲ್ಲಿಲ್ಲದಾಗ ಅವರಿಗಾಗಿ ಹೆಣೆದ ಹೂಟಗಳನ್ನು ಬಿಚ್ಚುವುದರಲ್ಲಿ ಅರ್ಥವೂ ಇಲ್ಲವಷ್ಟೆ.

ಇಷ್ಟನ್ನು ತಿಳಿದ ಮೇಲೆ ಆ ಪಂದ್ಯಗಳ ಅಂಕಗಳನ್ನು ಯಾರೂ ನಂಬಲಾರರು. 2008ರಲ್ಲಿ ಡೆಟ್ರಾಯಿಟ್ ತಂಡ ನಾಲ್ಕು ಋತುಪೂರ್ವ ಪಂದ್ಯಗಳನ್ನೂ ಗೆದ್ದಿತು. ಬಳಿಕ ಋತುವಿನ 16 ಪಂದ್ಯಗಳನ್ನೂ ಸೋತಿತು. 2017ರಲ್ಲಿ ಕ್ಲೀವ್‌ಲೆಂಡ್ ತಂಡದ ಕಥೆಯೂ ಅಕ್ಷರಶಃ ಅದೇ: ಮೊದಲು ನಾಲ್ಕಕ್ಕೆ ನಾಲ್ಕು ಗೆಲವು, ಆಮೇಲೆ ಹದಿನಾರಕ್ಕೆ ಹದಿನಾರು ಸೋಲು. ಇದಕ್ಕೆ ವಿರುದ್ಧವಾಗಿ 2005ರಲ್ಲಿ ಇಂಡಿಯಾನಾಪೊಲಿಸ್ ತಂಡ ಐದು ಋತುಪೂರ್ವ ಪಂದ್ಯಗಳನ್ನೂ ಸೋತು, ಋತುವಿನ ಮೊದಲ 13 ಪಂದ್ಯಗಳನ್ನು ಒಂದೇ ಸಮನೆ ಗೆದ್ದಿತು. ಹಾಗೆಂದು ಗೆಲವನ್ನು ಗಣನೆಗೆ ತೆಗೆದುಕೊಳ್ಳದ ಕೋಚುಗಳೇ ಎಲ್ಲರೂ ಎನ್ನುವಂತಿಲ್ಲ. ವಿನ್ಸ್ ಲೊಂಬಾರ್ಡಿ ಅವರ ಗ್ರೀನ್ ಬೇ ತಂಡ 1959ರಿಂದ 1962ರವರೆಗೆ ಸತತ 19 ಋತುಪೂರ್ವ ಪಂದ್ಯಗಳನ್ನು ಗೆದ್ದಿತ್ತು. ಬಾಲ್ಟಿಮೋರ್ ತಂಡ ಆ ದಾಖಲೆಯನ್ನು ಮುರಿದು, 24 ಗೆಲವುಗಳ ಬಳಿಕ 2023ರ ಆಗಸ್ಟಿನಲ್ಲಿ ಒಂದೇ ಅಂಕದಿಂದ ಸೋತಿತು. ಗೆಲ್ಲುವುದೂ ಒಂದು ಅಭ್ಯಾಸ, ಅದನ್ನು ಆಗಸ್ಟಿನಲ್ಲಿಯೇ ಏಕೆ ಕೈಬಿಡಬೇಕು ಎಂಬ ವಾದಕ್ಕೂ ಬೆಲೆಯಿದೆ.

ಆಕ್ಷೇಪಗಳೂ ಇಲ್ಲದಿಲ್ಲ. ಇಡೀ ಋತುವಿನ ಟಿಕೇಟು ಕೊಳ್ಳುವವರು ಈ ಸಪ್ಪೆ ಪಂದ್ಯಗಳಿಗೂ ಹಣ ತೆರಬೇಕಾಗುತ್ತದೆ. ಅಡುಗೆ ರುಚಿ ನೋಡುವುದಕ್ಕೂ ಊಟದ ಬೆಲೆಯೇ ಎಂದು ಅವರು ಗೊಣಗುವುದರಲ್ಲಿ ತಪ್ಪೇನಿದೆ? ಅಲ್ಲದೆ, ತೀರ ಬಚ್ಚಿಟ್ಟ ಕತ್ತಿಗೆ ತುಕ್ಕು ಹಿಡಿಯುವುದೂ ಉಂಟು. ಎದುರಾಳಿಯ ಕಣ್ಣಮುಂದೆ ಒಮ್ಮೆಯೂ ಆಡದ ಹೂಟ, ಬೇಕಾದ ಗಳಿಗೆಯಲ್ಲಿ ಕೈಕೊಟ್ಟರೆ ಬಚ್ಚಿಟ್ಟದ್ದು ಯಾವ ಪುರುಷಾರ್ಥಕ್ಕೆ?

ಇವುಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಎಡಬದಿಯ ಹುಡುಗನ ಸಂಗತಿ. ಋತುವಿನ ವಾರಗಳಲ್ಲಿ ಹಂಚಿ ಕೊಡುವ ಸಂಬಳ ಅವನ ಕೈಗೆ ಬರಬೇಕಾದರೆ 53 ಜನರಲ್ಲಿ ಅವನ ಹೆಸರಿರಬೇಕು. ಇಲ್ಲದಿದ್ದರೆ ಒಂದು ಬೆಳಿಗ್ಗೆ ಯಾರೋ ಬಂದು, ಕೋಚ್ ಕರೆಯುತ್ತಿದ್ದಾರೆ, ಹೂಟದ ಪುಸ್ತಕವನ್ನೂ ತೆಗೆದುಕೊಂಡು ಬಾ ಎನ್ನುತ್ತಾರೆ. ಪುಸ್ತಕ ಹಿಂದಕ್ಕೆ ಕೇಳಿದರೆಂದರೆ ಋಣ ತೀರಿತೆಂದೇ ಅರ್ಥ. ಆದರೆ ಇದೇ ಬಾಗಿಲಿನಿಂದ ಒಳಗೆ ಬಂದವರೂ ಇದ್ದಾರೆ. 1999ರ ಆಗಸ್ಟಿನಲ್ಲಿ ಸೇಂಟ್ ಲೂಯಿಸ್ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿಗೆ ಪೆಟ್ಟು ತಿಂದು ಇಡೀ ಋತುವನ್ನೇ ಕಳೆದುಕೊಂಡ. ಅವನ ಬದಲಿಗೆ ಬಂದವನು ಕರ್ಟ್ ವಾರ್ನರ್. ಕೆಲವು ವರ್ಷಗಳ ಹಿಂದೆ ಐಯೋವಾದ ಅಂಗಡಿಯೊಂದರಲ್ಲಿ ರಾತ್ರಿಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು. ಆ ಋತುವಿನ ಶ್ರೇಷ್ಠ ಆಟಗಾರನೆಂಬ ಗೌರವ ಅವನದಾಯಿತು. 2000ದ ಜನವರಿಯಲ್ಲಿ ತಂಡ ಪರಮಪ್ರಶಸ್ತಿಯನ್ನೂ ಗೆದ್ದಿತು.

ಅಂದಿನ ಪಂದ್ಯ ಮುಗಿಯುವ ಮುನ್ನ ಎದುರಾಳಿ ನಾಲ್ಕನೆಯ ಸಲ ಅದೇ ದಾರಿಯಲ್ಲಿ ನುಗ್ಗಿದ. ಈ ಸಲ ನಮ್ಮ ಹುಡುಗ ಹೆಜ್ಜೆಯೊಂದನ್ನು ಹಿಂದಕ್ಕಿಟ್ಟು, ಭುಜ ಬಾಗಿಸಿ, ಅವನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದ. ಚೆಂಡು ದೂರ ಹಾರಿತು. ಮೊಮ್ಮಗ ಚಪ್ಪಾಳೆ ತಟ್ಟಿದ. ನಾನು ಕೋಚನ ಕಡೆ ನೋಡಿದೆ. ಅವನು ಕಟ್ಟಿದ್ದ ಕೈಗಳನ್ನು ಬಿಚ್ಚಿ, ಜೇಬಿನಿಂದ ಚೀಟಿಯೊಂದನ್ನು ತೆಗೆದು ಏನನ್ನೋ ಗುರುತು ಹಾಕಿಕೊಂಡ. ಎರಡನೆಯ ಸಲಕ್ಕೇ ನೆರವು ಕಳಿಸಿದ್ದರೆ ಆ ಗುರುತಿಗೆ ಆಸ್ಪದವೇ ಇರುತ್ತಿರಲಿಲ್ಲ.

ಆಗಸ್ಟ್ ಕೊನೆಗೆ ನಾನು ಊರಿಗೆ ಹೊರಟು ಬಂದೆ. ಪಟ್ಟಿ ಪ್ರಕಟವಾದ ದಿನ ಮೊಮ್ಮಗ ಫೋನು ಮಾಡಿದಾಗ ಮೊದಲು ವಿಚಾರಿಸಿದ್ದು ಅದನ್ನೇ. ಹುಡುಗ 53ರಲ್ಲಿ ಉಳಿಯಲಿಲ್ಲವಂತೆ. ಅಭ್ಯಾಸದ ತಂಡದಲ್ಲಿ ಇಟ್ಟುಕೊಂಡಿದ್ದಾರಂತೆ. ಫಸ್ಟ್ ಕ್ಲಾಸ್ ಬರಲಿಲ್ಲ, ಆದರೆ ಪಾಸಾದ ಎಂದು ನಾನು ಹೇಳಿದೆ. ಅತ್ತ ಕಡೆಯಿಂದ ಮೊಮ್ಮಗ ಕೇಳಿದ: “ತಾತ, ನೀನು ಎಗ್ಸಾಂ ಹಾಲಿನಲ್ಲಿ ಒಂದು ಸಲವಾದರೂ ಯಾರಿಗಾದರೂ ಹೇಳಿಕೊಟ್ಟಿದ್ದೀಯಾ?” ಇಲ್ಲ ಎಂದೆ. ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.